ಯಲ್ದೂರಿಗೆ ಬಂದ ರಂಗೂನು ಸೂಜಿ

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆ. ಆಗ ನಾನು ಶ್ರೀನಿವಾಸಪುರದ ಒಂದು ಸಣ್ಣ ದವಾಖಾನೆಯಲ್ಲಿ ಡಾಕ್ಟರಾಗಿದ್ದೆ. ಮಾವಿನ ಕೊಯ್ಲಿನ ಕಾಲದಲ್ಲಿ ಮರದಿಂದ ಬಿದ್ದು ಕೈಕಾಲು ಉಳುಕಿಸಿಕೊಂಡವರು ದಿನವೂ ಬರುತ್ತಿದ್ದರು. ಆ ವರ್ಷ ಅವರು ಅಪರೂಪವಾದರು. ವಿಚಾರಿಸಿದಾಗ, ಬರ್ಮಾದ ರಂಗೂನಿನಿಂದ ಬಂದವನೊಬ್ಬ ಯಲ್ದೂರಿನಲ್ಲಿ ಸೂಜಿ ಚುಚ್ಚಿ ನೋವು ತೆಗೆಯುತ್ತಾನೆಂದು ತಿಳಿಯಿತು. ಚೀನೀಯರಲ್ಲಿ ಆಕ್ಯುಪಂಕ್ಚರ್ ಎಂಬ ಇಂಥದೊಂದು ಹಳೆಯ ಚಿಕಿತ್ಸೆ ಇದೆಯೆಂದು ನಾನು ಓದಿದ್ದೆ. ನನಗೆ ಕುತೂಹಲವಾಯಿತೇ ಹೊರತು ಸಿಟ್ಟು ಬರಲಿಲ್ಲ.

ಸಿಟ್ಟು ಬಂದದ್ದು ಮುನಿಸ್ವಾಮಪ್ಪನನ್ನು ನೋಡಿದ ಮೇಲೆ. ಮಾವಿನಕಾಯಿ ಕೀಳುವ ಕೆಲಸದ ಆಳು. ಹೆಂಡತಿ ಗಂಗುಲಮ್ಮ ಅವನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದಳು. ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು. ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಬಂದ ನಾತಕ್ಕೆ ಗಾಡಿ ಹೊಡೆಯುವವನು ದೂರ ಹೋಗಿ ನಿಂತ. ಮಂಡಿಯ ಸುತ್ತ ಸಣ್ಣ ಸಣ್ಣ ತೂತುಗಳಿದ್ದವು.

"ಇದನ್ನ ಯಾರಮ್ಮ ಚುಚ್ಚಿದ್ದು?"

"ರಂಗೂನಯ್ಯ ಸ್ವಾಮಿ. ಮೊದಲ್ನೇ ದಿನ ಹಾಯಾಗಿತ್ತು ಅಂತಿದ್ರು. ಆಮೇಲೆ ಚಳಿಜ್ವರ ಹಿಡೀತು."

ಪೆನಿಸಿಲಿನ್ ಇಲ್ಲದ ಕಾಲವದು. ಮಂಡಿಯನ್ನು ಕೊಯ್ದು ಕೀವು ಹರಿಸಿ, ಕಾರ್ಬಾಲಿಕ್ ನೀರಿನಿಂದ ತೊಳೆದೆ. ಕಾಲಿನ ಮಾತು ಹಾಗಿರಲಿ, ಜೀವ ಉಳಿದರೆ ಸಾಕು ಎಂಬಂತಿತ್ತು.

ಭಾನುವಾರ ಕೋಟು, ಟೋಪಿ ಬಿಟ್ಟು, ಕತ್ತುನೋವಿನ ನೆಪ ಹೇಳಿಕೊಂಡು ಯಲ್ದೂರಿಗೆ ಹೋದೆ. ಊರಿನ ದೊಡ್ಡ ತೋಟದ ಯಜಮಾನರ ಜಗುಲಿಯ ಮೇಲೆ ಚಿಕಿತ್ಸೆ ನಡೆದಿತ್ತು. ಹೊಸಬರಿಗೆ ರಂಗೂನಯ್ಯ ಮೊದಲು ನಾಲಗೆ ಚಾಚಲು ಹೇಳುತ್ತಿದ್ದ. ಎರಡೂ ಕೈಗಳ ನಾಡಿ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದ. ನಿದ್ದೆ ಹೇಗೆ, ಹಸಿವು ಹೇಗೆ ಎಂದು ಮೆತ್ತಗೆ ಕೇಳುತ್ತಿದ್ದ. ಅಲ್ಲಿಯವರೆಗೆ ನನಗೆ ಅವನ ಮೇಲೆ ಗೌರವವೇ ಮೂಡಿತ್ತು.

ನನ್ನ ಮುಂದಿದ್ದ ಮುದುಕಿಯ ಸೊಂಟಕ್ಕೆ ಚುಚ್ಚಿದ್ದ ಸೂಜಿಯನ್ನು ಅವನು ಕಿತ್ತ. ತುದಿಯಲ್ಲಿ ರಕ್ತವಿತ್ತು. ಅದನ್ನು ಪಂಚೆಗೆ ಒರೆಸಿ, ಎಲೆಅಡಿಕೆ ತುಂಬಿದ ಬಾಯಲ್ಲಿಟ್ಟು ಚೀಪಿ, ಕೆಂಪು ಎಂಜಲು ಹತ್ತಿದ ಅದೇ ಸೂಜಿಯನ್ನು ನನ್ನ ಕತ್ತಿನ ಹತ್ತಿರ ತಂದ. ನಾನು ಕತ್ತು ಹಿಂದಕ್ಕೆಳೆದುಕೊಂಡೆ.

"ಏಮೀ ಕಾದಯ್ಯಾ, ಏನೂ ಆಗಲ್ಲ, ಭಯಪಡಬೇಡಿ," ಎಂದ.

ನಾನು ಅವನ ಕೈ ಹಿಡಿದು, ಯಾರೆಂದು ಹೇಳಿದೆ. "ಸೂಜಿ ಕುದಿಸಬೇಕು ಅಂತ ನಿನಗೆ ಯಾರೂ ಹೇಳಿಕೊಡಲಿಲ್ವೇನಯ್ಯ?"

ಅವನು ಉತ್ತರಿಸುವ ಮೊದಲೇ ಯಜಮಾನರು ಬಾಗಿಲಿಗೆ ಬಂದರು. ತಮ್ಮ ಮನೆಯಲ್ಲಿ ಕೊಳಕು ಕೆಲಸ ನಡೆಯುತ್ತಿದೆ ಎಂಬಂತೆ ನಾನು ಕೇಳಿದ್ದು ಅವರಿಗೆ ಅವಮಾನವಾಗಿತ್ತು. "ಬನ್ನಿ ಡಾಕ್ಟ್ರೇ, ಒಳಗೆ ನೋಡಿ," ಎಂದು ಕರೆದೊಯ್ದರು. ಒಳಗೆ ಸೀಮೆಎಣ್ಣೆ ಸ್ಟೌವಿನ ಮೇಲೆ ಹಿತ್ತಾಳೆ ಪಾತ್ರೆಯಲ್ಲಿ ಸೂಜಿಗಳು ಕುದಿಯುತ್ತಿದ್ದವು. ಪಕ್ಕದಲ್ಲಿ ಸ್ಪಿರಿಟ್ಟು, ಬಿಳಿ ಹತ್ತಿ.

"ಇವು ನಮ್ಮ ಮನೆಯೋರ್ಗೆ. ನಮ್ಮಮ್ಮನ ಮಂಡಿನೋವು ಅರ್ಧ ಇಳಿದಿದೆ," ಎಂದರು ಹೆಮ್ಮೆಯಿಂದ.

ನಾನು ರಂಗೂನಯ್ಯನ ಕಡೆ ತಿರುಗಿದೆ. "ಹಾಗಾದ್ರೆ ನಿನಗೆ ಗೊತ್ತು."

"ಎಲ್ಲಾರ್ಗೂ ಕುದಿಸ್ತಾ ಕೂತ್ರೆ ಹೊತ್ತೆಲ್ಲಿ ಸ್ವಾಮಿ? ಜಗುಲಿ ಜನ ಕೇಳೋದಿಲ್ಲ," ಎಂದ. ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಯಜಮಾನರ ಮುಖದಲ್ಲಿಯೂ ಇರಲಿಲ್ಲ. ಮುನಿಸ್ವಾಮಪ್ಪ ಅವರದೇ ತೋಟದ ಆಳು.

ಕೀವು, ಹುಳು, ಕೊಳೆತ ಗಾಯಗಳೆಲ್ಲ ನನಗೆ ನಿತ್ಯದ ನೋಟ. ಆದರೂ ಆ ಶುಚಿಯಾದ ಕೋಣೆಯಲ್ಲಿ ಆದಷ್ಟು ಅಸಹ್ಯ ನನಗೆ ಮತ್ತೆಲ್ಲೂ ಆಗಿಲ್ಲ. ಯಜಮಾನರು ಕಾಫಿ ತರಿಸಿದರು. ಮುಟ್ಟದೆ ಎದ್ದು ಬಂದೆ. ಜಗುಲಿಯಲ್ಲಿದ್ದವರಿಗೆ ವಿಷಯ ತಿಳಿಸಿ, ಮನೆಗೆ ಹೋಗಿ ಎಂದೆ. ಕೆಲವರು ಎದ್ದರು. ಉಳಿದವರು ಯಜಮಾನರ ಮುಖ ನೋಡುತ್ತಾ ಕೂತರು. ಮರುದಿನ ತಾಲ್ಲೂಕಿನ ಅಮಲ್ದಾರರಿಗೆ ದೂರು ಕೊಟ್ಟೆ. ಅವರು ಜನ ಕಳಿಸುವ ಹೊತ್ತಿಗೆ ರಂಗೂನಯ್ಯ ಮುಳಬಾಗಿಲಿನ ಕಡೆ ಹೋಗಿಯಾಗಿತ್ತು.

ಮುನಿಸ್ವಾಮಪ್ಪ ಬದುಕಿದ. ಮಂಡಿ ಮಾತ್ರ ಕೊರಡಿನಂತೆ ಸೆಟೆದುಹೋಯಿತು. ಮತ್ತೆ ಮರ ಹತ್ತಲಿಲ್ಲ. ಅವನನ್ನು ಮನೆಗೆ ಕರೆದೊಯ್ಯುವ ದಿನ ಗಂಗುಲಮ್ಮನಿಗೆ ಯಜಮಾನರ ಮನೆಯೊಳಗೆ ಕಂಡದ್ದನ್ನು ಹೇಳಿದೆ. ಯಜಮಾನರನ್ನು ಬೈಯುತ್ತಾಳೆಂದುಕೊಂಡಿದ್ದೆ. ಅವಳು, "ನಮ್ಗೂ ಕುದಿಸಿ ಅಂತ ಕೇಳಬೋದು ಅಂತ ಗೊತ್ತಿರ್ಲಿಲ್ಲ ಸ್ವಾಮಿ," ಎಂದಳು.

ಅಲ್ಲಿಂದಾಚೆ ಮಾಲೂರು, ಕೋಲಾರ, ಎಲ್ಲಿಗೆ ವರ್ಗವಾದರೂ, ಇಂಜೆಕ್ಷನ್ ಕೊಡುವ ಮುಂಚೆ ರೋಗಿಯನ್ನು ಸ್ಟೌವಿನ ಹತ್ತಿರ ಕರೆದು ಸೂಜಿ ಕುದಿಯುವುದನ್ನು ತೋರಿಸುತ್ತಿದ್ದೆ. "ಎಲ್ಲಿ ಹೋದ್ರೂ ಇದನ್ನ ಕೇಳಿ, ನಾನೇ ಮರೆತ್ರೂ ಕೇಳಿ," ಎನ್ನುತ್ತಿದ್ದೆ. ಎಷ್ಟೋ ಜನ ನಕ್ಕರು. ಕೇಳಿದವರೂ ಇದ್ದರು.