ಕಮಲಾಪುರದಲ್ಲಿ ಬಿಗಿದು ಕಟ್ಟಿದ ಬೆಳಕು

2001ರಲ್ಲಿ ನಾನು ಕಲಬುರಗಿಯ ಒಂದು ಗುತ್ತಿಗೆ ಸಂಸ್ಥೆಯಲ್ಲಿ ಟೆಸ್ಟಿಂಗ್ ಇಂಜಿನಿಯರ್ ಆಗಿದ್ದೆ. ಕಮಲಾಪುರದವರೆಗೆ ದೂರವಾಣಿಯ ಆಪ್ಟಿಕಲ್ ಫೈಬರ್ ಕೇಬಲ್ ಎಳೆಯುವ ಕೆಲಸ ನಮ್ಮದು. ಮ್ಯಾನೇಜರ್ ದೇಶಮುಖರು ತಾಮ್ರದ ತಂತಿಯಲ್ಲೇ ತಲೆ ನರೆಸಿಕೊಂಡವರು. ಹೊಸದನ್ನು ಕಲಿಯುವುದು ಕೈಕೆಳಗಿನವರ ಕೆಲಸ ಎಂದು ನಂಬಿದ್ದರು.

ಫೈಬರ್ ಎಂದರೆ ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆ. ಒಂದು ತುದಿಯಲ್ಲಿ ಲೇಸರ್ ನಮ್ಮ ಮಾತನ್ನು ಬೆಳಕಿನ ಮಿಡಿತಗಳಾಗಿಸಿ ಕಳಿಸುತ್ತದೆ. ಒಳಗಾಜಿನ ಸುತ್ತ ಬೇರೆ ಬಗೆಯ ಗಾಜಿನ ಹೊದಿಕೆ ಇರುವುದರಿಂದ ಬೆಳಕು ಹೊರಹೋಗದೆ ಒಳಗೇ ಪ್ರತಿಫಲಿಸುತ್ತ ಸಾಗಿ, ಇನ್ನೊಂದು ತುದಿಯಲ್ಲಿ ಮತ್ತೆ ಮಾತಾಗುತ್ತದೆ. ಆದರೆ ಎಳೆಯನ್ನು ತೀರ ಬಿಗಿಯಾಗಿ ಬಗ್ಗಿಸಿದರೆ ಬೆಳಕು ಹೊದಿಕೆ ದಾಟಿ ಸೋರಿಹೋಗುತ್ತದೆ. ಇದನ್ನು ದೇಶಮುಖರಿಗೆ ಎಷ್ಟೋ ಸಲ ಹೇಳಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು.

ಉದ್ಘಾಟನೆಯ ಬೆಳಿಗ್ಗೆ ಕಮಲಾಪುರದ ದೂರವಾಣಿ ಕೇಂದ್ರದ ಯಂತ್ರದ ಕೋಣೆಗೆ ಹೂಮಾಲೆ, ಕುಂಕುಮ, ಅತಿಥಿಗಳು ಎಲ್ಲ ಬಂದರು. ಬೆಳಕು ಮಾತ್ರ ಬರಲಿಲ್ಲ. ಹಿಂದಿನ ಸಂಜೆ ಬೆಳಕು ಅಳೆಯುವ ಮೀಟರಿನಲ್ಲಿ ನೋಡಿದಾಗ ಎಲ್ಲ ಸರಿಯಿತ್ತು. ದೇಶಮುಖರು ಎಳೆಯ ತುದಿಗೆ ಕಣ್ಣಿಟ್ಟು ಬೆಳಕು ಹುಡುಕಲು ಹೋದರು. ನಾನು ಕೈಹಿಡಿದು ತಡೆದೆ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಣ್ಣನ್ನು ಮಾತ್ರ ಕೆಡಿಸುತ್ತದೆ. ಅತಿಥಿಗಳೆದುರು ಮುಖಭಂಗವಾದ ಸಿಟ್ಟನ್ನು ಅವರು ರಫೀಕನ ಮೇಲೆ ತಿರುಗಿಸಿದರು. ರಫೀಕ್ ಎಳೆಗಳನ್ನು ಕರಗಿಸಿ ಬೆಸೆಯುವ ದಿನಗೂಲಿ ಕೆಲಸಗಾರ.

"ಇವನ ಜಾಯಿಂಟ್ ಕಚ್ಚಾ ಅದ. ಇವತ್ತೇ ಕೆಲಸದಿಂದ ತಗೀರಿ ಇವನ್ನ."

"ಜಾಯಿಂಟ್ ಆದಮ್ಯಾಲ ಮೀಟರ್ ನೀವೇ ನೋಡೀರಲ್ರೀ ಸಾಬ್," ಎಂದು ರಫೀಕ್ ನನ್ನತ್ತ ತಿರುಗಿದ.

ಯಂತ್ರದ ಹಿಂದೆ ಹೋಗಿ ನೋಡಿದೆ. ನಾವು ಅಗಲ ಸುರುಳಿಯಾಗಿ ಸಡಿಲ ಬಿಟ್ಟಿದ್ದ ಹೆಚ್ಚುವರಿ ಎಳೆಯನ್ನು ಯಾರೋ ಹೆಬ್ಬೆರಳಿನಷ್ಟು ಸಣ್ಣ ಸುರುಳಿಯಾಗಿ ಸುತ್ತಿ, ಹೂಮಾಲೆಯ ದಾರದಿಂದ ಬಿಗಿದಿದ್ದರು.

"ಇದನ್ನ ಕಟ್ಟಿದವ್ರು ಯಾರ್ರೀ?"

"ನಾನೇ. ಜೋತಾಡಾಕತ್ತಿತ್ತು," ಎಂದರು ದೇಶಮುಖರು ಹೆಮ್ಮೆಯಿಂದ. "ನೋಡಾಕ ಛಂದ ಇರಬೇಕಲ್ರೀ."

ತಾಮ್ರದ ಕಾಲದ ಶಿಸ್ತು ಅದು; ಆ ತಂತಿಯನ್ನು ಎಷ್ಟು ಬಿಗಿದರೂ ನಡೆಯುತ್ತಿತ್ತು. ನನಗೆ ನಗುವಿಗಿಂತ ಹೇಸಿಗೆಯೇ ಹೆಚ್ಚಾಯಿತು. ದಾರ ಬಿಚ್ಚಿ ಸುರುಳಿ ಸಡಿಲಿಸಿದೆ, ಮೀಟರ್ ಏರಿತು. ಅತಿಥಿಗಳು ನೋಡುತ್ತಿದ್ದಂತೆ ಎಳೆಯನ್ನು ಮತ್ತೆ ಬೆರಳಿಗೆ ಸುತ್ತಿದೆ, ಇಳಿಯಿತು. ಬಿಟ್ಟೆ, ಏರಿತು.

"ರಫೀಕನ ಜಾಯಿಂಟ್ ನಾ ಮುಟ್ಟೇ ಇಲ್ಲ, ನೋಡ್ರಿ," ಎಂದೆ.

"ಇಷ್ಟು ನಾಜೂಕ ಮಾಲು ಯಾಕ ತಂದ್ರಿ ಮತ್ತ?" ಎಂದರು ದೇಶಮುಖರು.

ರಫೀಕನ ಕೆಲಸ ಉಳಿಯಿತು. ಅವನಿಗೆ ತಪ್ಪಾಯಿತೆಂಬ ಒಂದು ಮಾತೂ ಸಿಗಲಿಲ್ಲ. ಕಲಬುರಗಿಗೆ ಮೊದಲ ಕರೆ ಹೋದಾಗ ಹೂಮಾಲೆ ದೇಶಮುಖರ ಕೊರಳಲ್ಲೇ ಇತ್ತು. ಅಂದಿನಿಂದ ಎಲ್ಲೇ ದೋಷ ಕಂಡರೂ, ಕೊನೆಗೆ ಕೈಯಾಡಿಸಿದ ದೊಡ್ಡವರು ಯಾರು ಎಂದು ಮೊದಲು ಕೇಳುತ್ತೇನೆ. ಕೂಲಿಯವನ ಜಾಯಿಂಟ್ ಬಿಚ್ಚಿ ನೋಡುವುದು ಆಮೇಲೆ.