ಮೊದಲ ತುತ್ತು ಯಾರ ಕೈಯದು

ಟಿಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಣ್. ಮಗುವಿನ ಗದ್ದದ ಮೇಲೆ ಇಳಿದದ್ದನ್ನು ಬೆಳ್ಳಿ ಚಮಚದಲ್ಲಿ ಸವರಿ ತೆಗೆದು ಬಟ್ಟಲಿನ ಅಂಚಿಗೆ ಒರೆಸಿದಾಗ ಬರುವ ಸದ್ದು ಅದು. ಚಾಮರಾಜಪುರಂನ ನಮ್ಮ ಮನೆಯ ನಡುಮನೆಯಲ್ಲಿ ನನ್ನ ಬೀಗಿತ್ತಿ, ಅಂದರೆ ಸೊಸೆಯ ತಾಯಿ, ನಮ್ಮ ಮೊಮ್ಮಗಳಿಗೆ ರಾಗಿ ಸರಿ ತಿನ್ನಿಸುತ್ತಿದ್ದರು. ನಾನು ಪಕ್ಕದ ರೂಮಿನಲ್ಲಿ ಇಂಗ್ಲಿಷ್ ಪೇಪರಿನ ಕ್ರಾಸ್‌ವರ್ಡ್ ಹಿಡಿದು ಕೂತು, ಒಂದು ಮನೆಯನ್ನೂ ತುಂಬದೆ, ಆ ಸದ್ದನ್ನೇ ಕೇಳಿಸಿಕೊಳ್ಳುತ್ತಿದ್ದೆ. ಅದು ಬೇಗ ನಿಂತರೆ ಮಗು ಸಾಕು ಎಂದು ಮುಖ ತಿರುಗಿಸಿದೆ ಎಂದು ಅರ್ಥ. ಅಂಥ ದಿನ ನನಗೆ ಮಧ್ಯಾಹ್ನದ ಊಟ ರುಚಿಸುತ್ತಿತ್ತು.

ಇದಕ್ಕೆ ಹೊಟ್ಟೆಕಿಚ್ಚು ಎನ್ನದೆ ಬೇರೆ ಏನಾದರೂ ಹೆಸರಿಡಲು ಆಗ ಬಹಳ ಪ್ರಯತ್ನಪಟ್ಟೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು ಎನ್ವಿ ಬೇರೆ, ಜೆಲಸಿ ಬೇರೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಇನ್ನೊಬ್ಬರದ್ದು ನಮಗೆ ಬೇಕೆನ್ನಿಸಿದರೆ ಎನ್ವಿ, ನಮ್ಮದು ಇನ್ನೊಬ್ಬರ ಪಾಲಾದೀತು ಎಂಬ ಭಯ ಹುಟ್ಟಿದರೆ ಜೆಲಸಿ. ಮಗು ಯಾರದ್ದು ಎಂಬುದೇ ತೀರ್ಮಾನವಾಗದ ಮನೆಯಲ್ಲಿ ನನ್ನದು ಎರಡರಲ್ಲಿ ಯಾವುದು ಎಂದು ಹೇಗೆ ಹೇಳಲಿ.

ಈ ಕಿಚ್ಚು ನಿನ್ನೆ ಮೊನ್ನೆಯದಲ್ಲ. ನಮ್ಮ ಅತ್ತೆ ಒಂದು ಮಾತು ಹೇಳುತ್ತಿದ್ದರು: ಮಗುವಿಗೆ ಮೊದಲ ತುತ್ತು ಯಾರು ಕೊಡುತ್ತಾರೋ ಅವರ ಕೈಗೆ ಅದು ಕೊನೆಯತನಕ ಒಗ್ಗಿಬಿಡುತ್ತದೆ ಎಂದು. ಹಾಗೆ ಹೇಳಿಕೊಂಡೇ ನನ್ನ ಮಗನಿಗೆ ಮೊದಲ ತುತ್ತನ್ನು ಅವರು ಕೊಟ್ಟರು. ಕಾಲು ಚಾಚಿ ಗೋಡೆಗೆ ಒರಗಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ರಾಗಿ ಸರಿಯನ್ನು ಬೆರಳ ತುದಿಯಲ್ಲಿ ತೆಗೆದು ಬಾಯಿಗಿಟ್ಟರು. ನಾನು ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಒಂದು ಸಲ ನಾನು ಕೊಡಲೇ ಎಂದು ಕೇಳಿದ್ದಕ್ಕೆ, "ನಿಂಗೆ ತಿಳಿಯಲ್ಲ ಬಿಡಮ್ಮ, ನೀನು ಸ್ಪೂನು ಫೋರ್ಕಿನೋಳು" ಅಂದರು. ಮಾತು ಹರಿತವಾಗಿರಲಿಲ್ಲ, ನಗುತ್ತಲೇ ಅಂದರು. ಆದರೆ ಅವರ ಆ ಹಳೆಯ ಮಾತು ನಿಜವಾಯಿತು ನೋಡಿ. ಮೀಸೆ ಮೂಡಿದ ಮೇಲೂ ನನ್ನ ಮಗ ಅಜ್ಜಿ ಕಲಸಿ ಕೈತುತ್ತು ಹಾಕಿದರೆ ಮಾತ್ರ ಹೊಟ್ಟೆ ತುಂಬ ಉಣ್ಣುತ್ತಿದ್ದ. ನಾನು ಬಡಿಸಿದರೆ, "ಸಾಕಮ್ಮ, ಹಸಿವಿಲ್ಲ" ಅನ್ನುತ್ತಿದ್ದ. ನನಗೆ ಅವನೊಬ್ಬನೇ ಮಗ. ಹಾಗಾಗಿ ನನ್ನ ಕೈಯಿಂದ ಈ ಲೋಕದಲ್ಲಿ ಯಾರಿಗೂ ಮೊದಲ ತುತ್ತು ಹೋಗಲಿಲ್ಲ.

ಮೊಮ್ಮಗಳು ಹುಟ್ಟಿದಾಗ ನನಗೆ ಇದೇ ನೆನಪು. ಬಾಣಂತನ ಪದ್ಧತಿಯಂತೆ ಸೊಸೆಯ ತವರಲ್ಲಿ, ವಿಜಯನಗರದಲ್ಲಿ. ನಾನು ಹೋದಾಗಲೆಲ್ಲ ಗೆಸ್ಟ್. ಟ್ರೇಯಲ್ಲಿ ಕಾಫಿ, ಕಪ್ಪಿನ ಕೆಳಗೆ ಸಾಸರ್, ಸಾಸರಿನ ಪಕ್ಕದಲ್ಲಿ ಎರಡು ಬಿಸ್ಕತ್ತು. ಕಾಫಿ ಮುಗಿದ ಮೇಲೆ ಲೈಬ್ರರಿಯವರು ಪುಸ್ತಕ ಕೊಟ್ಟ ಹಾಗೆ ಮಗುವನ್ನು ಕೈಗೆ ಕೊಡುತ್ತಿದ್ದರು. ಅಳು ಶುರುವಾದರೆ ವಾಪಸ್.

ಬೀಗಿತ್ತಿ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದವರು. ಎತ್ತರದ ಆಳು, ದೊಡ್ಡ ನಗು, ಅರವತ್ತು ದಾಟಿದ ಮೇಲೂ ಸ್ಕೂಟರಿನಲ್ಲಿ ಊರೆಲ್ಲ ಓಡಾಟ. "ಗಟ್ಟಿಯಾಗಿ ಎತ್ಕೊಳ್ರೀ ಬೀಗಿತ್ತಿಯವರೇ, ಕುತ್ತಿಗೆ ನಿಂತಿದೆ, ಒಡೆದೋಗಲ್ಲ" ಎನ್ನುವರು. ನಾನು ಅವರಿಗಿಂತ ಆರು ವರ್ಷ ದೊಡ್ಡವಳು, ಒಂದು ಮಗುವನ್ನು ಎತ್ತಿ ಬೆಳೆಸಿದವಳು. ಥ್ಯಾಂಕ್ ಯೂ ಎಂದೆ. ಕಾನ್ವೆಂಟು ಕಲಿಸಿದ್ದರಲ್ಲಿ ಆ ಒಂದು ಮಾತು ಎಲ್ಲ ಕಡೆಯೂ ಉಪಯೋಗಕ್ಕೆ ಬರುತ್ತದೆ.

ನಾನು ಕಾದದ್ದು ಏಳನೇ ತಿಂಗಳಿಗೆ. ಆರು ತುಂಬುವ ತನಕ ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ಡಾಕ್ಟರು ಹೇಳಿದ್ದರು. ಹೆಣ್ಣುಮಗುವಾದ್ದರಿಂದ ಬೆಸ ತಿಂಗಳಲ್ಲೇ ಅನ್ನಪ್ರಾಶನ ಆಗಬೇಕು ಎಂದು ಪುರೋಹಿತರು ಹೇಳಿದರು. ಆರು ತುಂಬಿದರೆ ನಡೆಯುವುದು ಏಳು. ಡಾಕ್ಟರೂ ಪಂಚಾಂಗವೂ ಒಂದಾದದ್ದನ್ನು ನಾನು ನನ್ನ ಪರವಾಗಿ ಸಿಕ್ಕ ಜಡ್ಜ್‌ಮೆಂಟ್ ಎಂದುಕೊಂಡೆ. ಯಾಕೆಂದರೆ ಸೊಸೆ ಮಗುವಿನೊಂದಿಗೆ ನಮ್ಮ ಮನೆಗೆ ಬರುವುದೂ ಆ ದಿನವೇ, ಅನ್ನಪ್ರಾಶನವೂ ನಮ್ಮ ಮನೆಯಲ್ಲೇ. ತಂದೆಯಾದವನು ಚಿನ್ನದ ಉಂಗುರವನ್ನು ಪಾಯಸದಲ್ಲಿ ಅದ್ದಿ ತುಟಿಗೆ ಮುಟ್ಟಿಸುವುದು ಶಾಸ್ತ್ರಕ್ಕೆ. ಅದಾದ ಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಂದೆಯ ತಾಯಿ ನಿಜವಾದ ತುತ್ತು ಕೊಡುವುದು ನಮ್ಮ ಮನೆಯ ರೂಢಿ.

ರಾಗಿ ಸರಿಯ ಹಿಟ್ಟನ್ನು ನಾನೇ ಮಾಡಿದೆ. ರಾಗಿಯನ್ನು ಕಲ್ಲು ಹೋಗುವವರೆಗೆ ತೊಳೆದು, ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಂ ಎನ್ನುವಷ್ಟು ಹುರಿದೆ. ಬೀಸಿಸಲು ಫ್ಲೋರ್ ಮಿಲ್ಲಿಗೆ ಹೋದರೆ ಹುಡುಗ ಆಗಷ್ಟೇ ಯಾರದೋ ಒಣಮೆಣಸಿನಕಾಯಿ ಹಾಕಿ ಮುಗಿಸಿದ್ದ. ಮಿಲ್ಲೆಲ್ಲ ಸೀನು. ವಾಪಸ್ ಬಂದು, ಮಾರನೇ ದಿನ ಶಟರ್ ಎತ್ತುವ ಹೊತ್ತಿಗೆ ಹೋಗಿ, ಮೊದಲು ಒಂದು ಸೇರು ಗೋಧಿ ಹಾಕಿಸಿ ಕಲ್ಲು ಶುದ್ಧ ಮಾಡಿಸಿ, ಆಮೇಲೆ ರಾಗಿ ಕೊಟ್ಟೆ. ಹಿಟ್ಟನ್ನು ತೆಳು ಪಂಚೆಯಲ್ಲಿ ಜರಡಿ ಹಿಡಿದೆ. ಮುಟ್ಟಿದರೆ ಟಾಲ್ಕಂ ಪೌಡರ್ ಮುಟ್ಟಿದ ಹಾಗಿತ್ತು. ಸಣ್ಣ ಬೆಳ್ಳಿ ಚಮಚ ಒಂದನ್ನು ಹೊಸದಾಗಿ ತಂದೆ. ಹೌದು, ಚಮಚವೇ. ಅತ್ತೆ ಅಂದಿದ್ದರಲ್ಲ.

ಆ ದಿನ ಮಗುವಿಗೆ ಹಸಿರು ರೇಷ್ಮೆ ಲಂಗ. ನನ್ನ ತೊಡೆಯ ಮೇಲೆ ಬೆಚ್ಚಗೆ, ಭಾರವಾಗಿ ಕೂತಿತ್ತು. ಮಗ ಉಂಗುರ ಅದ್ದಿ ತುಟಿಗೆ ಮುಟ್ಟಿಸಿದ. ಪುರೋಹಿತರು ನನ್ನ ಕಡೆ ತಿರುಗಿ, "ಈಗ ಅಜ್ಜಿಯವರು" ಅಂದರು. ಚಮಚದ ತುದಿಯಲ್ಲಿ ಇಷ್ಟೇ ಇಷ್ಟು ಸರಿ ತೆಗೆದೆ.

ಚಮಚ ಇನ್ನೂ ಗೇಣು ದೂರದಲ್ಲಿರುವಾಗಲೇ ಪುಟ್ಟಿ ಬಾಯಿ ತೆರೆದಳು.

ಗುಬ್ಬಿ ಮರಿಯ ಹಾಗೆ ತೆರೆದು, ಕತ್ತು ಮುಂದಕ್ಕೆ ತಂದು, ತುಟಿ ಮುಚ್ಚಿ, ಚಮಚವನ್ನು ನೀಟಾಗಿ ಚೀಪಿ, ನುಂಗಿ, ಇನ್ನೊಂದಕ್ಕೆ ಬಾಯಿ ತೆರೆದು ಕಾದಳು. "ಎಂಥಾ ಚೂಟಿ ಕಣೇ ಇದು" ಎಂದು ಬಂದವರೆಲ್ಲ ನಕ್ಕರು. ನಾನು ನಗಲಿಲ್ಲ. ಎಂದೂ ಉಣ್ಣದ ಮಗುವಿಗೆ ಬಾಯಿಗೆ ಬಿದ್ದದ್ದನ್ನು ನಾಲಿಗೆಯಿಂದ ಹೊರಕ್ಕೆ ತಳ್ಳುವುದೊಂದೇ ಗೊತ್ತಿರುತ್ತದೆ. ನನ್ನ ಮಗ ವಾರಗಟ್ಟಲೆ ಹಾಗೆ ತಳ್ಳುತ್ತಿದ್ದ, ಒರೆಸಿ ಒರೆಸಿ ನನ್ನ ಟವೆಲ್ ಕಂದಾಗಿ ಹೋಗಿತ್ತು. ಇವಳು ಪಳಗಿದವಳು. ತಲೆ ಎತ್ತಿ ನೋಡಿದೆ. ಮಗ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದ, ಅವನಿಗೆ ಏನೂ ತಿಳಿದಿರಲಿಲ್ಲ. ಸೊಸೆ ನೆಲ ನೋಡುತ್ತಿದ್ದಳು. ಬೀಗಿತ್ತಿ ಸರಿಯಾಗಿಯೇ ಇದ್ದ ಅರಿಸಿನ ಕುಂಕುಮದ ತಟ್ಟೆಯನ್ನು ಮತ್ತೆ ಸರಿ ಮಾಡುತ್ತಿದ್ದರು.

ಊಟಕ್ಕೆ ಎಲೆ ಹಾಕುವ ಮುಂಚೆ ಅಡುಗೆಮನೆಯಲ್ಲಿ ಅವರೊಬ್ಬರೇ ಸಿಕ್ಕರು.

"ಮಗುವಿಗೆ ಒಳ್ಳೇ ಪ್ರಾಕ್ಟೀಸ್ ಇದೆ" ಅಂದೆ.

"ಜಾಣೆ ಕಣ್ರೀ. ಯಾರ ಮೊಮ್ಮಗಳು ಹೇಳಿ."

"ಅದನ್ನೇ ನಾನೂ ಕೇಳ್ತಿರೋದು."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ, "ಇಬ್ಬರದೂ ಅಂತ ಇಟ್ಕೊಳಣ. ಬಾಳೆಎಲೆ ಎಲ್ಲಿಟ್ಟಿದೀರಿ?" ಅಂದರು. ತೋರಿಸಿದೆ.

ಸೊಸೆ ಕಾಲೇಜಿನಲ್ಲಿ ಪಾಠ ಮಾಡುವವಳು. ರಜೆ ಮುಗಿದು ಅವಳು ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆ ಬೆಳಗಿನ ಸರಿ ತಿನ್ನಿಸುವ ಕೆಲಸ ನನ್ನದು ಎಂದುಕೊಂಡಿದ್ದೆ. ಮೊದಲ ದಿನ ಪುಟ್ಟಿ ಬಾಯಿ ಬಿಗಿದಳು. ಎರಡನೇ ದಿನ ಚಮಚ ತಳ್ಳಿದಳು. ಕಾಗೆ ತೋರಿಸಿದೆ, ನರ್ಸರಿ ರೈಮ್ ಹೇಳಿದೆ, ಅತ್ತೆಯ ಹಾಗೆ ಬೆರಳಲ್ಲೂ ಕೊಟ್ಟು ನೋಡಿದೆ. ಮಗು ಹಸಿದಿದೆ ಎಂದು ಸೊಸೆ ಅಮ್ಮನಿಗೆ ಫೋನ್ ಮಾಡಿದಳು. ಮಾರನೇ ಬೆಳಿಗ್ಗೆ ಬೀಗಿತ್ತಿ ಸ್ಕೂಟರಿನಲ್ಲಿ ಹಾಜರ್. "ಎಲ್ಲಿ ನಮ್ಮ ಕಳ್ಳಿ? ಅಜ್ಜಿ ಬಂದ್ಬುಟ್ಟೆ ಕಣೇ" ಎಂದು ಬಾಗಿಲಿಂದಲೇ ಕೂಗಿದರೆ ಪುಟ್ಟಿ ನನ್ನ ತೋಳಿನಲ್ಲಿ ಮೀನಿನ ಹಾಗೆ ಒದ್ದಾಡಿದಳು. ಬಟ್ಟಲು ಖಾಲಿಯಾಯಿತು. ಅಂದಿನಿಂದ ಬೆಳಗಿನ ಡ್ಯೂಟಿ ಅವರದು.

ಅವರ ಹಿಟ್ಟಿನಲ್ಲಿ ಏನೋ ಇದೆ ಎಂದುಕೊಂಡು ನಾನು ಸ್ವಲ್ಪ ದಿನ ಸಮಾಧಾನದಲ್ಲಿದ್ದೆ. ಬಾದಾಮಿ ಹಾಕಿರಬಹುದು, ಏಲಕ್ಕಿ ಇರಬಹುದು. ಒಂದು ಬೆಳಿಗ್ಗೆ ಅವರು ತರುತ್ತಿದ್ದ ಸ್ಟೀಲ್ ಡಬ್ಬಿ ತಳ ಕಂಡಿತ್ತು. "ನಿಮ್ಮದೇ ಕೊಡಿ ಇವತ್ತು" ಅಂದರು. ನನ್ನ ಟಾಲ್ಕಂ ಪೌಡರಿನಂಥ ಹಿಟ್ಟನ್ನು ನಾನೇ ಕಾಸಿ ಕೊಟ್ಟೆ. ಬಾಗಿಲ ಬಳಿ ನಿಂತು ನೋಡಿದೆ. ಪುಟ್ಟಿ ಕೊನೆಯ ಚಮಚದವರೆಗೆ ಚಪ್ಪರಿಸಿ ತಿಂದಳು.

"ನೋಡಿದ್ರಾ, ನಿಮ್ಮ ಹಿಟ್ಟು ಎಷ್ಟು ಇಷ್ಟ ಅವಳಿಗೆ" ಅಂದರು ಬೀಗಿತ್ತಿ. ನನ್ನನ್ನು ಸಂತೋಷಪಡಿಸಲೆಂದೇ ಅಂದರು. ಹಂಗಿಸಿದ್ದರೆ ಒಳ್ಳೆಯದಿತ್ತು, ಹಂಗಿಸಿದವರಿಗೆ ಎದುರು ಹೇಳಬಹುದು. ಹಿಟ್ಟು ನನ್ನದೇ, ಚಮಚ ನನ್ನದೇ, ಮನೆ ನನ್ನದೇ. ಕೈ ಒಂದು ನನ್ನದಲ್ಲ. ನಾನು ರೂಮಿಗೆ ಹೋಗಿ ಕ್ರಾಸ್‌ವರ್ಡ್ ತೆಗೆದುಕೊಂಡೆ.

ಮಕ್ಕಳು ಬೆಳೆಯುವುದು ದೊಡ್ಡವರ ಜಗಳ ತೀರುವ ತನಕ ಕಾಯುವುದಿಲ್ಲ. ಪುಟ್ಟಿ ಮೊಸರನ್ನಕ್ಕೆ ಬಂದಳು, ಚಪಾತಿಗೆ ಬಂದಳು, ಕಡೆಗೆ ಯಾರ ಕೈಯೂ ಬೇಡ, "ನಾನೇ" ಎನ್ನುವಲ್ಲಿಗೆ ಬಂದಳು. ಪ್ಲೇಸ್ಕೂಲಿಗೆ ಸೇರಿದ ವರ್ಷ ಬೀಗಿತ್ತಿಯ ಆರೋಗ್ಯ ಕೆಟ್ಟಿತು. ಮೊದಲು ಸ್ಕೂಟರ್ ನಿಂತಿತು, ಆಮೇಲೆ ಓಡಾಟವೇ ನಿಂತಿತು. ನಾನು ಒಂದು ಮಧ್ಯಾಹ್ನ ಆಟೋ ಮಾಡಿಕೊಂಡು ವಿಜಯನಗರಕ್ಕೆ ಒಬ್ಬಳೇ ಹೋದೆ.

ಸೋಫಾದ ಮೇಲೆ ಶಾಲು ಹೊದ್ದು ಕೂತಿದ್ದರು. ಎತ್ತರ ಹಾಗೇ ಇತ್ತು, ಅಗಲ ಎಲ್ಲೋ ಹೋಗಿತ್ತು. ನಗು ಮಾತ್ರ ದೊಡ್ಡದೇ. ಪುಟ್ಟಿಯ ಸುದ್ದಿ, ಸೊಸೆಯ ಪ್ರಮೋಷನ್, ವಿಜಯನಗರದ ಟ್ರಾಫಿಕ್ ಎಲ್ಲ ಮುಗಿದ ಮೇಲೆ ನಾನು, "ಒಂದು ಕೇಳ್ಲಾ?" ಅಂದೆ.

"ಕೇಳಿ. ಪಾಸ್‌ವರ್ಡ್ ಒಂದು ಬಿಟ್ಟು."

"ಅನ್ನಪ್ರಾಶನಕ್ಕೆ ಮುಂಚೆ ಪುಟ್ಟಿಗೆ ಇಲ್ಲಿ ತಿನ್ನಿಸಿದ್ರಿ ಅಲ್ವಾ?"

"ಅಬ್ಬ, ಕೇಳಿದ್ರಲ್ಲ" ಅಂದರು. "ಹೌದು ಕಣ್ರೀ, ತಿನ್ನಿಸಿದ್ವಿ. ನಿಮಗೆ ಅವತ್ತೇ ಗೊತ್ತಾಯ್ತು. ನಿಮಗೆ ಗೊತ್ತಾಯ್ತು ಅಂತ ನಂಗೂ ಗೊತ್ತಾಯ್ತು."

"ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ನೀವು ಆ ಚಮಚ ಎತ್ತುತಿರ್ಲಿಲ್ಲ. ಆದ್ರೆ ಕೇಳಿ, ಮೊದಲ್ನೇ ತುತ್ತು ನಾನು ಕೊಡ್ಲಿಲ್ಲ. ಚಾಮುಂಡಿ ಆಣೆ."

ಆಮೇಲೆ ಅವರು ಹೇಳಿದ್ದು ಇಷ್ಟು. ಒಂದು ಬೆಳಿಗ್ಗೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಿಂಡಿ ತಿನ್ನುತ್ತಿದ್ದರಂತೆ. ಫೋನ್ ಬಂದಿದೆ, ಮಾತಾಡಿದ್ದಾರೆ. ತಿರುಗಿ ನೋಡುವಷ್ಟರಲ್ಲಿ ಪುಟ್ಟಿಯ ಮುಷ್ಟಿ ತುಂಬ ಇಡ್ಲಿ, ಬಾಯಿ ತುಂಬ ಇಡ್ಲಿ, ಮೂಗಿನ ಮೇಲೂ ಇಡ್ಲಿ. ಸೊಸೆ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದರೆ, ಹೇಗೂ ಇನ್ನೇನು ಆರು ತುಂಬುತ್ತದೆ, ಅಷ್ಟು ಆಸೆ ಇದ್ದರೆ ಮೆತ್ತಗೆ ಮಾಡಿ ಶುರು ಮಾಡಿ ಎಂದಿದ್ದಾರೆ.

"ಯಾರೂ ಕೊಡ್ಲಿಲ್ಲ ಕಣ್ರೀ" ಅಂದರು. "ಅವಳೇ ತಗೊಂಡ್ಲು. ಹಗಲು ದರೋಡೆ."

ಮೈ ಹಗುರಾದ ಹಾಗಾಯಿತು. ನಾನು ಕೊಡಲಿಲ್ಲ, ಸರಿ. ಅವರೂ ಕೊಡಲಿಲ್ಲವಲ್ಲ. ನಮ್ಮ ಅತ್ತೆಯ ಮಾತಿಗೆ ಈ ಮಗು ಸಿಕ್ಕಲೇ ಇಲ್ಲ ಎಂದುಕೊಂಡು ಎದ್ದು ನಿಂತೆ, ಸೆರಗು ಸರಿ ಮಾಡಿಕೊಂಡೆ. ಅಷ್ಟಕ್ಕೆ ಹೊರಟುಬಿಡಬೇಕಿತ್ತು. ಬಾಯಿ ಸುಮ್ಮನಿರಲಿಲ್ಲ.

"ಯಾರ ತಟ್ಟೆಯಿಂದ?" ಅಂದೆ.

ಬೀಗಿತ್ತಿ ನನ್ನನ್ನೇ ನೋಡಿದರು. ತುಟಿ ಬಿಗಿಹಿಡಿದರು, ಆಗಲಿಲ್ಲ. "ನಂದೇ ಕಣ್ರೀ" ಎಂದು ನಗತೊಡಗಿದರು. ಕೆಮ್ಮು ಬಂತು, ಕೆಮ್ಮಿನ ನಡುವೆಯೂ, "ನಿಮ್ಮ ಮುಖ ನೋಡ್ಕೊಳ್ಳಿ ಕನ್ನಡೀಲಿ" ಅಂದರು.

ಬೇಡವೆಂದರೂ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದರು. ಆಟೋ ತಿರುವಿನಲ್ಲಿ ನಿಧಾನವಾದಾಗ ಹಿಂತಿರುಗಿ ನೋಡಿದೆ. ಬಾಗಿಲವಾಡಕ್ಕೆ ಒರಗಿ, ಶಾಲು ಅರ್ಧ ಜಾರಿ, ಇನ್ನೂ ನಗುತ್ತಲೇ ನಿಂತಿದ್ದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ. ಗೆದ್ದವರ ನಗು ಅದು ಎಂದು ಆವತ್ತು ಅನ್ನಿಸಿತ್ತು. ಅವರು ಹೋದ ಮೇಲೆ ಬೇರೆ ರೀತಿ ಅನ್ನಿಸಬಹುದು ಎಂದು ಕಾದೆ. ಇಲ್ಲ, ಹಾಗೇ ಅನ್ನಿಸುತ್ತದೆ.