ಅಮ್ಮನ ಸ್ವರಕ್ಕೆ ಹಿಡಿದ ಶೀತ

ಮೂಡುಬಿದಿರೆಯ ಕಾಲೇಜಿನಲ್ಲಿ ಕೆಲಸ ಸಿಕ್ಕಿದ ಹೊಸತರಲ್ಲಿ, ಬಂಟ್ವಾಳದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಹಾಡು ಕೇಳಲೆಂದು ಒಂದು ಎಂಪಿತ್ರೀ ಪ್ಲೇಯರ್ ತರಿಸಿಕೊಂಡೆ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬ್ಯಾರಿ ಗೆಳೆಯನ ಅಣ್ಣ ದುಬೈಯಿಂದ ತಂದದ್ದು; ಗೆಳೆಯನ ಬಳಿಯೂ ಅಂಥದ್ದೇ ಒಂದಿತ್ತು. ನನ್ನದಕ್ಕೆ ತುಂಬಲು ಅಮ್ಮ ಮತ್ತು ಮಡಂತ್ಯಾರಿನ ದೊಡ್ಡಮ್ಮ ಹಾಡುವ ಶೋಭಾನೆಯನ್ನು ಮನೆಯ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ರೆಕಾರ್ಡ್ ಮಾಡಿದೆ. ಇಬ್ಬರೂ ಹಾಡಿದ್ದು ಒಂದೇ ಹಾಡು, ಬೇರೆ ಬೇರೆ ದಿನ. ಮದುವೆಮನೆಯಲ್ಲಿ ಯಾರು ಮೊದಲು ದನಿ ಎತ್ತುವುದು ಎಂಬ ವಿಷಯದಲ್ಲಿ ಈ ಓರಗಿತ್ತಿಯರ ನಡುವೆ ಮೊದಲಿನಿಂದಲೂ ಸ್ವಲ್ಪ ಬಿಸಿ ಇತ್ತು.

ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕೇಳುತ್ತಿದ್ದ ಹಾಡು ಪ್ಲೇಯರಿಗೆ ಹೋದದ್ದೇ ಡಬ್ಬಿಯೊಳಗಿಂದ ಬಂದಂತಾಯಿತು. ಆದರೂ ಅಮ್ಮನ ಕಿವಿಗೆ ಅವಳದೇ ಹಾಡನ್ನು ಹಾಕಿದೆ. ಅವಳು ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

“ಪಾಪ, ಅಕ್ಕನಿಗೆ ಮೂಗು ಕಟ್ಟಿದೆ.”

ಮುಖದಲ್ಲಿ ದೊಡ್ಡಮ್ಮನ ಮೇಲಿನ ಮರುಕಕ್ಕಿಂತ ಸಮಾಧಾನವೇ ಹೆಚ್ಚಿತ್ತು. ತಿದ್ದಲು ನನಗೆ ಮನಸ್ಸಾಗಲಿಲ್ಲ. ಭಾನುವಾರ ದೊಡ್ಡಮ್ಮ ಬಂದಾಗ ಅವರಿಗೂ ಅವರದನ್ನೇ ಕೇಳಿಸಿದೆ. ನಿನ್ನ ಅಮ್ಮನಿಗೆ ವಯಸ್ಸಾಯಿತು, ಇನ್ನು ಎತ್ತರದ ಶ್ರುತಿ ಹಿಡಿಯಲು ಬಿಡಬೇಡ ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಊಟದ ಬಳಿಕ ಅಮ್ಮ ಅವರ ಮುಂದೆ ಕರಿಮೆಣಸಿನ ಕಷಾಯ ತಂದಿಟ್ಟಳು. ದೊಡ್ಡಮ್ಮ ತಮ್ಮ ಚೀಲದಿಂದ ಕಲ್ಲುಸಕ್ಕರೆ ತೆಗೆದು ಅಮ್ಮನ ಕೈಗಿತ್ತರು. ಬರುವ ಮದುವೆಯಲ್ಲಿ ನೀನು ಸುಮ್ಮನೆ ಕೂತುಕೋ, ನಾನೇ ಹಾಡುತ್ತೇನೆ ಎಂದು ಇಬ್ಬರೂ ಪರಸ್ಪರ ಉಪಚಾರ ಮಾಡತೊಡಗಿದಾಗ ನನಗೆ ಸಣ್ಣಗೆ ದಿಗಿಲಾಯಿತು.

ಮರುದಿನ ಗೆಳೆಯನ ಅಂಗಡಿಗೆ ಹೋದೆ. ಅವನಿಗೂ ಹೀಗೇ ಆಗಿತ್ತಂತೆ.

“ಜಾಗ ಉಳಿಸ್ಲಿಕ್ಕೆ ಕಂಪ್ಯೂಟರ್ ಹಾಡನ್ನು ಹಿಂಡಿ ಕಳಿಸ್ತದೆ ಮಾರಾಯ. ಸೆಟ್ಟಿಂಗಲ್ಲಿ ಒಂದು ಟಿಕ್ ಉಂಟು, ಅದನ್ನು ತೆಗಿ. ಒಳಗಿರುವುದನ್ನು ಅಳಿಸಿ ಪುನಃ ಹಾಕು.”

ಹಾಗೇ ಮಾಡಿದೆ. ಹೆಚ್ಚು ಹಾಡು ಹಿಡಿಯಲಿ ಎಂದು ಚಿಕ್ಕದು ಮಾಡುವ ಆ ಟಿಕ್ ಮೊದಲೇ ಬಿದ್ದಿತ್ತು. ಅದನ್ನು ತೆಗೆದದ್ದೇ ಹಾಡುಗಳು ಇದ್ದ ಹಾಗೆಯೇ ಪ್ಲೇಯರಿಗೆ ಇಳಿದವು. ಅಮ್ಮನನ್ನು ಕರೆದು, ಮೊನ್ನೆ ಕೇಳಿದ್ದು ನಿನ್ನದೇ, ಯಂತ್ರ ಹಾಳುಮಾಡಿತ್ತು ಎಂದು ವಿವರಿಸಿದೆ. ನಂಬಲಿಲ್ಲ. ಹೊಸದನ್ನು ಕೇಳಿ, “ಇದು ನಾನು” ಎಂದಳು. ಆಮೇಲೆ ದೊಡ್ಡಮ್ಮನದನ್ನು ಹಾಕಿದೆ. ಅದೂ ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿತ್ತು. ಅಮ್ಮ ಕೊನೆಯವರೆಗೆ ಕೇಳಿ, ಇಯರ್‌ಫೋನ್ ತೆಗೆದು ವಯರನ್ನು ನಿಧಾನವಾಗಿ ಸುತ್ತಿದಳು.

“ಅಕ್ಕನದ್ದಕ್ಕೆ ಮಾತ್ರ ಆ ಟಿಕ್ ಪುನಃ ಹಾಕ್ಲಿಕ್ಕೆ ಆಗ್ತದಾ?”

ಆಗುವುದಿಲ್ಲ ಎಂದೆ. ಮುಂದಿನ ವಾರ ಮೂಡುಬಿದಿರೆಯ ಮದುವೆಯಲ್ಲಿ ಇಬ್ಬರೂ ಒಟ್ಟಿಗೇ ದನಿ ಎತ್ತಿದರು. ಒಬ್ಬರೂ ಬಿಟ್ಟುಕೊಡಲಿಲ್ಲ. ವಾಲಗದವರು ವಾದ್ಯಗಳನ್ನು ಮಡಿಲಲ್ಲಿಟ್ಟುಕೊಂಡು ಕಾದರು.